ಲೇಸರ್ ಆದ ಮೇಲೆ ಕಾರ್ನಿಯಾ ಮಾಯುವ ಬಗೆ

ಕೊಡಗಿನ ಶಾಂತಳ್ಳಿ ಕಡೆಯ ಮಳೆಯಲ್ಲಿ ಕನ್ನಡಕ ಹಾಕಿಕೊಂಡು ತೋಟ ಸುತ್ತಿದವರಿಗೆ ನಾನು ಯಾಕೆ ಲೇಸರ್ ಮಾಡಿಸಿಕೊಂಡೆ ಅಂತ ವಿವರಿಸಬೇಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಜಿನ ಹೊರಗೆ ನೀರು, ಒಳಗೆ ಹಬೆ. ಒರೆಸೋಣ ಅಂದರೆ ಮೈಮೇಲೆ ಒಣಗಿದ ಬಟ್ಟೆ ಎಲ್ಲೂ ಇರುವುದಿಲ್ಲ. ಕಾಲಿಗೆ ಹತ್ತಿದ ಜಿಗಣೆ ಕೀಳಲು ಬಗ್ಗಿದರೆ ಕನ್ನಡಕ ಜಾರಿ ಕೆಸರಿಗೆ ಬೀಳುತ್ತದೆ. ನನ್ನ ಪವರ್ ಒಂದು ಕಣ್ಣಿಗೆ ಮೈನಸ್ 5, ಇನ್ನೊಂದಕ್ಕೆ ಸ್ವಲ್ಪ ಕಮ್ಮಿ. ಬಿದ್ದ ಕನ್ನಡಕ ಹುಡುಕೋದಕ್ಕೂ ಕನ್ನಡಕ ಬೇಕು ಅನ್ನೋ ಪರಿಸ್ಥಿತಿ.

ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಆಮೇಲೆ ಸಿಕ್ಕವರೆಲ್ಲ ಕೇಳಿದ್ದು ಎರಡೇ. ನೋವಾಯ್ತಾ? ಎಷ್ಟು ದಿನಕ್ಕೆ ಸರಿಹೋಯ್ತು? ಮೊದಲನೆಯದಕ್ಕೆ ಉತ್ತರ ಸುಲಭ. ಲೇಸರ್ ಬೀಳುವಾಗ ನೋವಿಲ್ಲ, ಮಾರನೇ ದಿನ ನೋವು ಚೆನ್ನಾಗಿಯೇ ಇದೆ. ಎರಡನೆಯದಕ್ಕೆ ಸರಿಯಾಗಿ ಉತ್ತರ ಹೇಳಲು ಹೊರಟರೆ ಕೇಳಿದವರು ಬಸ್ಸಿಗೆ ಹೊತ್ತಾಯಿತು ಅನ್ನುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಬೇಗ ಮಾಯಬೇಕು ಅನ್ನೋ ಆಸೆ ಈ ಗಾಯದ ಮಟ್ಟಿಗೆ ಅಷ್ಟು ಒಳ್ಳೆಯ ಆಸೆಯಲ್ಲ. ಗಾಯ ಮುಚ್ಚಲು ದೇಹ ಕಳಿಸುವ ರಾಸಾಯನಿಕಗಳಲ್ಲಿ ಕೆಲವು ಕಣ್ಣನ್ನು ತಿಳಿಯಾಗಿಡುತ್ತವೆ. ಕೆಲವು ಅದೇ ಕಣ್ಣಿಗೆ ಕಲೆ ಕಟ್ಟುತ್ತವೆ. ಆಪರೇಷನ್ ನಂತರದ ಹನಿ ಔಷಧಿ, ಕಪ್ಪು ಕನ್ನಡಕ ಇವೆಲ್ಲ ಹೆಚ್ಚಾಗಿ ಇರುವುದು ಈ ಎರಡನೇ ಗುಂಪನ್ನು ಹಿಡಿತದಲ್ಲಿಡಲು.

ನಾನು ಡಾಕ್ಟರ್ ಅಲ್ಲ. ಅಪ್ಪನ ಮಂಡಿ ಕೈಕೊಟ್ಟು ತೋಟಕ್ಕೆ ವಾಪಸ್ ಬರುವ ಮುಂಚೆ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ರಕ್ತ ತೆಗೆಯುವುದು, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸುವುದು, ಸೀರಮ್ ಬೇರ್ಪಡಿಸುವುದು ದಿನದ ಕೆಲಸ. ಹಾಗಾಗಿ ಡಾಕ್ಟರ್ ಬಾಯಲ್ಲಿ ಗ್ರೋತ್ ಫ್ಯಾಕ್ಟರ್ ಅನ್ನೋ ಮಾತು ಬಂದಾಗ ಕಿವಿ ನೆಟ್ಟಗಾಯಿತು. ಗಾಯದ ಮೇಲೆ ಮುಚ್ಚಿದ್ದ ಬ್ಯಾಂಡೇಜ್ ಲೆನ್ಸ್ (ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್) ತೆಗೆದ ಮೇಲೆ ನೆಟ್‌ವರ್ಕ್ ಸಿಗುವ ಜಗಲಿಯ ಮೂಲೆಯಲ್ಲಿ ಕೂತು ಓದಿದ್ದೇ ಓದಿದ್ದು.

ಮೊದಲು ಕಾರ್ನಿಯಾ. ಕಪ್ಪುಗುಡ್ಡೆಯ ಮುಂದಿರುವ ಪಾರದರ್ಶಕ ಪದರ ಅದು. ನಡುಮಧ್ಯೆ ಅದರ ದಪ್ಪ ಅರ್ಧ ಮಿಲಿಮೀಟರ್‌ಗಿಂತ ತುಸು ಜಾಸ್ತಿ, ಸುಮಾರು 540 ಮೈಕ್ರಾನ್. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಮೇಲಿನ 50 ಮೈಕ್ರಾನ್ ಎಪಿಥೀಲಿಯಂ, ಅಂದರೆ ಐದಾರು ಸಾಲು ಜೀವಕೋಶಗಳ ಹೊರಪದರ. ಅದರ ಅಡಿಗೆ ತೆಳ್ಳನೆಯ ತಳಪೊರೆ. ಅದಕ್ಕೂ ಕೆಳಗೆ ಸ್ಟ್ರೋಮಾ. ಒಟ್ಟು ದಪ್ಪದ ಹತ್ತರಲ್ಲಿ ಒಂಬತ್ತು ಪಾಲು ಅದೇ. ಸ್ಟ್ರೋಮಾದೊಳಗೆ ಕೊಲಾಜೆನ್ ಎಳೆಗಳು ಅಚ್ಚುಕಟ್ಟಾಗಿ, ಸಮನಾದ ಅಂತರದಲ್ಲಿ ಮಲಗಿರುತ್ತವೆ. ಅದಕ್ಕೇ ಬೆಳಕು ಚದುರದೆ ಒಳಗೆ ಹೋಗುತ್ತದೆ. ಈ ಸಾಲುಗಳ ಮಧ್ಯೆ ಕೆರಟೊಸೈಟ್ ಅನ್ನೋ ಜೀವಕೋಶಗಳು ಸುಮ್ನೆ ಕೂತಿರುತ್ತವೆ. ಮುಂದೆ ಗಲಾಟೆ ಮಾಡುವುದು ಇವೇ. ಕಾರ್ನಿಯಾದಲ್ಲಿ ರಕ್ತನಾಳ ಇಲ್ಲ. ಬೇಕಾದ ಆಮ್ಲಜನಕದ ಹೆಚ್ಚಿನ ಪಾಲು ಹೊರಗಿನ ಗಾಳಿಯಿಂದ, ಕಣ್ಣೀರಿನ ಮೂಲಕ ಬರುತ್ತದೆ.

ಲೇಸರ್ ಆಪರೇಷನ್ ಎಂದರೆ ಎಲ್ಲರೂ ಲ್ಯಾಸಿಕ್ ಅನ್ನುತ್ತಾರೆ. ಲ್ಯಾಸಿಕ್‌ನಲ್ಲಿ ಕಾರ್ನಿಯಾದ ಮೇಲ್ಭಾಗದ ನೂರು ಚಿಲ್ಲರೆ ಮೈಕ್ರಾನ್ ದಪ್ಪದ ಪದರವನ್ನು ಒಂದು ಅಂಚು ಬಿಟ್ಟು ಕೊಯ್ದು, ಮಗುಚಿ, ಒಳಗೆ ಲೇಸರ್ ಹೊಡೆದು ಮತ್ತೆ ಮುಚ್ಚುತ್ತಾರೆ. ಸ್ಮೈಲ್ ಅಂತ ಇನ್ನೊಂದಿದೆ. ಅದರಲ್ಲಿ ಒಳಗೇ ಸಣ್ಣ ತುಣುಕು ಕತ್ತರಿಸಿ ಕಿರಿದಾದ ಸೀಳಿನಿಂದ ಹೊರಗೆಳೆಯುತ್ತಾರೆ. ನನಗೆ ಮಾಡಿದ್ದು ಇವೆರಡಕ್ಕಿಂತ ಹಳೆಯದಾದ ಪಿಆರ್‌ಕೆ. ಎಪಿಥೀಲಿಯಂ ಅನ್ನು ಒರೆಸಿ ತೆಗೆದು, ಬಯಲಾದ ಮೇಲ್ಮೈಗೆ ನೇರವಾಗಿ ಲೇಸರ್ ಹೊಡೆದು, ಹೊಸ ಎಪಿಥೀಲಿಯಂ ಬೆಳೆಯಲಿ ಅಂತ ಬಿಡುತ್ತಾರೆ.

ಪಿಆರ್‌ಕೆ ಯಾಕೆ? ಒಂದು, ನನ್ನ ಕಾರ್ನಿಯಾ ಮಾಮೂಲಿಗಿಂತ ತೆಳು. ಇನ್ನೊಂದು ಕಾರಣ ಡಾಕ್ಟರ್ ಪ್ರಶ್ನೆಯಿಂದ ಹೊರಬಂತು. "ಏನು ಕೆಲಸ ಮಾಡ್ತೀರಿ?" ಅಂದರು. ಕಾಫಿ ತೋಟ ಅಂದೆ. "ಕೊಂಬೆ ಕಣ್ಣಿಗೆ ಹೊಡೆಯುತ್ತಾ?" ಹೊಡೆಯದೆ ಏನು! ಅರೇಬಿಕಾ ಹಣ್ಣು ಬಿಡಿಸುವಾಗ ಬಗ್ಗಿಸಿದ ರೆಕ್ಕೆ (ಅಡ್ಡಕೊಂಬೆ) ಕೈಜಾರಿದರೆ ಸೀದಾ ಮುಖಕ್ಕೇ ಬರುವುದು. ಲ್ಯಾಸಿಕ್‌ನಲ್ಲಿ ಮುಚ್ಚಿದ ಪದರ ಅಂಥ ಹೊಡೆತಕ್ಕೆ ವರ್ಷಗಳ ನಂತರವೂ ಜರುಗಬಹುದಂತೆ. ಪಿಆರ್‌ಕೆಯಲ್ಲಿ ಜರುಗಲು ಪದರವೇ ಇಲ್ಲ. ಮಾಯುವುದು ಮಾತ್ರ ನಿಧಾನ. ಈ ವ್ಯಾಪಾರಕ್ಕೆ ನಾನು ಒಪ್ಪಿದೆ.

ಈ ಲೇಸರ್‌ನ ಹಿಂದೆ ಮದ್ರಾಸಿನಲ್ಲಿ ಓದಿದ ಒಬ್ಬರಿದ್ದಾರೆ. ರಂಗಸ್ವಾಮಿ ಶ್ರೀನಿವಾಸನ್, ಐಬಿಎಂನ ವಾಟ್ಸನ್ ಸಂಶೋಧನಾ ಕೇಂದ್ರದಲ್ಲಿದ್ದ ವಿಜ್ಞಾನಿ. 193 ನ್ಯಾನೋಮೀಟರ್ ತರಂಗಾಂತರದ, ಎಕ್ಸೈಮರ್ ಎಂಬ ನೇರಳಾತೀತ ಲೇಸರ್ ಪ್ಲಾಸ್ಟಿಕ್ಕನ್ನು ಸುಡದೆ ಕೊರೆಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಮಾಂಸಕ್ಕೆ ಏನು ಮಾಡುತ್ತದೆ ಅನ್ನೋ ಪ್ರಶ್ನೆ ಉಳಿದಿತ್ತು. 1981ರ ನವೆಂಬರ್‌ನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೇ ದಿನ, ಮನೆಯಲ್ಲಿ ಮಿಕ್ಕಿದ್ದ ಟರ್ಕಿ ಕೋಳಿಯ ತುಂಡನ್ನೇ ಲ್ಯಾಬಿಗೆ ತಂದು ಪರೀಕ್ಷೆ ಮಾಡಿದರು. ಸುತ್ತ ಕರಕಲಾಗದೆ ನೀಟಾಗಿ ಕೊರೆದಿತ್ತು. ಕೊಡಗಿನವರಾಗಿದ್ದರೆ ಮಿಕ್ಕ ಪಂದಿಕರಿ ತರುತ್ತಿದ್ದರೇನೋ ಅಂದುಕೊಂಡೆ. ಆದರೆ ಪಂದಿಕರಿ ಮಿಗುವುದೇ ಇಲ್ಲವಲ್ಲ. ಅವರಿಗೂ ಜೊತೆಗಾರರಾದ ಜೇಮ್ಸ್ ವಿನ್, ಸ್ಯಾಮ್ಯುಯೆಲ್ ಬ್ಲಮ್ ಇಬ್ಬರಿಗೂ 2013ರಲ್ಲಿ ಒಬಾಮ ಕೈಯಿಂದ ಅಮೆರಿಕದ ರಾಷ್ಟ್ರೀಯ ಪದಕ ಸಿಕ್ಕಿತು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪಿಆರ್‌ಕೆಗೆ ಒಪ್ಪಿಗೆ ಕೊಟ್ಟಿದ್ದು 1995ರಲ್ಲಿ.

ಒಂದು ಸಲ ಲೇಸರ್ ಮಿಡಿದರೆ ಮೈಕ್ರಾನ್‌ನ ಕಾಲುಭಾಗ ಹೋಗುತ್ತದೆ. 6 ಮಿಲಿಮೀಟರ್ ಅಗಲದ ಜಾಗದಲ್ಲಿ ಒಂದು ಪವರ್ ಇಳಿಸಲು ಸುಮಾರು 12 ಮೈಕ್ರಾನ್ ಬೇಕು. ನನ್ನ ಮೈನಸ್ 5ಕ್ಕೆ 60 ಮೈಕ್ರಾನ್. ಯಂತ್ರದ ಕೆಲಸ ಅಲ್ಲಿಗೆ ಮುಗಿಯಿತು. ಕ್ಷಣಗಳ ಲೆಕ್ಕ ಅದು. ಮಿಕ್ಕಿದ್ದೆಲ್ಲ ಕಣ್ಣು ತಾನೇ ಮಾಡಿಕೊಳ್ಳಬೇಕು.

ನನಗೆ ತುಂಬಾ ಇಷ್ಟವಾದ ಲೆಕ್ಕ ಇದು. ಒರೆಸಿ ತೆಗೆದ ಜಾಗದ ಅಗಲ 8 ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ಅಂಚಿನಿಂದ ನಡುವಿಗೆ 4 ಮಿಲಿಮೀಟರ್, ಅಂದರೆ 4000 ಮೈಕ್ರಾನ್. ಸುತ್ತ ಉಳಿದ ಎಪಿಥೀಲಿಯಂ ಕೋಶಗಳು ಒಳಮುಖವಾಗಿ ಗಂಟೆಗೆ 60ರಿಂದ 80 ಮೈಕ್ರಾನ್ ಹರಿದಾಡುತ್ತವೆ. ಮೊದಲ ಕೆಲವು ಗಂಟೆ ಕದಲುವುದಿಲ್ಲ. ಆ ಹೊತ್ತಿನಲ್ಲಿ ಕೆಳಗಿನ ಹಿಡಿತ ಬಿಡಿಸಿಕೊಂಡು, ಚಪ್ಪಟೆಯಾಗಿ, ಹೊರಡಲು ಸಿದ್ಧವಾಗುತ್ತವೆ. ಆಮೇಲೆ 4000ವನ್ನು 60ರಿಂದ ಭಾಗಿಸಿ ನೋಡಿ. 66 ಗಂಟೆ ಚಿಲ್ಲರೆ. ಹೆಚ್ಚುಕಮ್ಮಿ ಮೂರು ದಿನ! ನಾಲ್ಕನೇ ಅಥವಾ ಐದನೇ ದಿನ ಬನ್ನಿ, ಬ್ಯಾಂಡೇಜ್ ಲೆನ್ಸ್ ತೆಗೆಯೋಣ ಅಂತ ಡಾಕ್ಟರ್ ಹೇಳುವುದು ಸುಮ್ನೆ ಅಲ್ಲ.

ಮುಂದಿನ ಸಾಲಿನ ಕೋಶಗಳು ಹೊರಟಾಗ ಸಂಖ್ಯೆಯಲ್ಲಿ ಹೆಚ್ಚುವುದಿಲ್ಲ, ಬರೀ ಜಾರುತ್ತವೆ. ಹಿಂದೆ ಇರುವವು ಒಡೆದು ಎರಡಾಗಿ ಖಾಲಿಯಾದ ಜಾಗ ತುಂಬುತ್ತವೆ. ಎಲ್ಲಕ್ಕೂ ಮೂಲ ಕಣ್ಣಿನ ಕಪ್ಪು ಬಿಳಿ ಸೇರುವ ಅಂಚಿನಲ್ಲಿರುವ ಕಾಂಡಕೋಶಗಳು. ಲಿಂಬಸ್ ಅಂತಾರೆ ಆ ಜಾಗಕ್ಕೆ. ಇನ್ನೊಂದು ತಮಾಷೆ. ಎಲ್ಲ ಕಡೆಯಿಂದ ಹೊರಟವು ಬಂದು ಸೇರುವುದು ಪಾಪೆಯ ಎದುರಿಗೇ. ಸೇರಿದ ಕಡೆ ಸಣ್ಣ ಏಣು ಉಳಿಯುತ್ತದೆ. ಅದಕ್ಕೇ ಎರಡನೇ ದಿನಕ್ಕಿಂತ ನಾಲ್ಕನೇ ದಿನ ದೃಷ್ಟಿ ಇನ್ನೂ ಮಂಜು. ನೋವು ಇಳಿಯುತ್ತಾ ಬಂದ ಹಾಗೆ ನೋಟ ಕೆಡುತ್ತದೆ. ಇದನ್ನು ಮೊದಲೇ ಹೇಳಿದ್ದರಿಂದ ನಾನು ಗಾಬರಿಯಾಗಲಿಲ್ಲ. ಅಮ್ಮ ಆದರು.

ಈಗ ಈ ಕೋಶಗಳಿಗೆ ಹೊರಡು ಅಂತ ಹೇಳಿದ್ದು ಯಾರು?

ಇಲ್ಲಿ ಬರುತ್ತದೆ ಗ್ರೋತ್ ಫ್ಯಾಕ್ಟರ್. ಕೋಶಗಳು ಒಂದಕ್ಕೊಂದು ಕಳಿಸಿಕೊಳ್ಳುವ ಸಣ್ಣ ಪ್ರೋಟೀನ್‌ಗಳು ಇವು. ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್, ಅಂದರೆ ಇಜಿಎಫ್, ಇವುಗಳಲ್ಲಿ ಹೆಸರುವಾಸಿ. ಅದು ಸಿಕ್ಕ ಕಥೆಯಲ್ಲೂ ಕಣ್ಣೇ ಇದೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ರೀಟಾ ಲೆವಿ-ಮೊಂಟಲ್ಚೀನಿ ಮತ್ತು ಸ್ಟ್ಯಾನ್ಲಿ ಕೊಹೆನ್ ನರ ಬೆಳೆಸುವ ಅಂಶವೊಂದನ್ನು ಹುಡುಕುತ್ತಿದ್ದರು. ಅದಕ್ಕೆ ಎನ್‌ಜಿಎಫ್ ಅಂತ ಹೆಸರು. ಪರೀಕ್ಷೆಗೆ ಬಳಸಿದ ಹಾವಿನ ವಿಷದಲ್ಲಿ ಅದು ಧಾರಾಳವಾಗಿ ಇತ್ತು! ಹಾವಿನ ವಿಷದ ಗ್ರಂಥಿಗೆ ಇಲಿಗಳಲ್ಲಿ ಸಮನಾದದ್ದು ಜೊಲ್ಲಿನ ಗ್ರಂಥಿ, ಅಲ್ಲೂ ನೋಡೋಣ ಅಂತ ಕೊಹೆನ್ ಹೊರಟರು. ಅಲ್ಲೂ ಇತ್ತು. ಆ ರಸವನ್ನು ಆಗತಾನೇ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದಾಗ ಬೇರೆಯದೇ ಒಂದು ಕಂಡಿತು. ಎರಡು ವಾರದ ಹೊತ್ತಿಗೆ ಕಣ್ಣು ಬಿಡಬೇಕಾದ ಮರಿಗಳು ಒಂದೇ ವಾರಕ್ಕೆ ಕಣ್ಣು ಬಿಟ್ಟವು. ನರದ ಅಂಶ ಇದನ್ನು ಮಾಡುವುದಿಲ್ಲ, ಇನ್ನೇನೋ ಇದೆ ಅಂತ ಕೊಹೆನ್ ಬೆನ್ನು ಹತ್ತಿದರು. ಸಿಕ್ಕಿದ್ದು ಇಜಿಎಫ್, 53 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್. 1986ರ ನೊಬೆಲ್ ಇಬ್ಬರಿಗೂ ಬಂತು.

ನಮ್ಮ ಕಣ್ಣೀರಿನಲ್ಲಿ ಇಜಿಎಫ್ ಯಾವಾಗಲೂ ಇರುತ್ತದೆ. ಗಾಯವಾದರೆ ಕಣ್ಣೀರಿನ ಗ್ರಂಥಿ ಇನ್ನಷ್ಟು ಕಳಿಸುತ್ತದೆ. ಮೊದಲ ಒಂದೆರಡು ದಿನ ನನ್ನ ಕಣ್ಣು ಸುರಿದದ್ದು ನೋಡಿ ಅಜ್ಜಿ, "ಔಷಧಿಯೆಲ್ಲ ತೊಳೆದು ಹೋಗ್ತಲ್ಲೇ ಮಗಾ" ಎಂದು ಪೇಚಾಡಿದರು. ಹನಿಹನಿಯಾಗಿ ನೋಡಿದರೆ ತೆಳುವಾಗುತ್ತದೆ, ನಿಜ. ಆದರೆ ನಿಮಿಷಕ್ಕೆ ಬರುವ ಒಟ್ಟು ಮೊತ್ತ ಜಾಸ್ತಿಯಾಗುತ್ತದೆ. ಅಳುವ ಕಣ್ಣು ಕೆಲಸ ಮಾಡುತ್ತಿರುವ ಕಣ್ಣು.

ಕೆಳಗಿನಿಂದಲೂ ಸಹಾಯ ಬರುತ್ತದೆ. ಎಪಿಥೀಲಿಯಂ ಒರೆಸಿದ ಕೂಡಲೇ ಗಾಯಗೊಂಡ ಕೋಶಗಳಿಂದ ಇಂಟರ್‌ಲ್ಯೂಕಿನ್-1 ಅನ್ನೋ ಸಂದೇಶದ ಪ್ರೋಟೀನ್ ಸೋರಿ ಸ್ಟ್ರೋಮಾಕ್ಕೆ ಇಳಿಯುತ್ತದೆ. ಅದು ತಗುಲಿದ ಮೇಲ್ಗಡೆಯ ಕೆರಟೊಸೈಟ್‌ಗಳು ಕೆಲವೇ ಗಂಟೆಗಳಲ್ಲಿ ತಾವಾಗಿಯೇ ಸಾಯುತ್ತವೆ. ಉಳಿದವು ಎಚ್ಚರವಾಗಿ ಎಚ್‌ಜಿಎಫ್, ಕೆಜಿಎಫ್ ಅನ್ನೋ ಇನ್ನೆರಡು ಗ್ರೋತ್ ಫ್ಯಾಕ್ಟರ್ ತಯಾರಿಸಿ ಮೇಲಕ್ಕೆ ಕಳಿಸುತ್ತವೆ. (ಕೋಲಾರದ ಕೆಜಿಎಫ್ ಅಲ್ಲ, ಕೆರಟಿನೊಸೈಟ್ ಗ್ರೋತ್ ಫ್ಯಾಕ್ಟರ್.) ಇವೆರಡೂ ಎಪಿಥೀಲಿಯಂಗೆ ಬೆಳೆ, ಜಾರು ಅಂತ ಒತ್ತಾಯ ಮಾಡುತ್ತವೆ. ಇಲ್ಲಿಯವರೆಗೆ ಎಲ್ಲ ಚೆಂದ.

ತೊಂದರೆ ಇರುವುದು ಮೇಲಿನಿಂದ ಕೆಳಗೆ ಹೋಗುವ ಸಂದೇಶದಲ್ಲಿ. ಎಪಿಥೀಲಿಯಂನಿಂದಲೂ ಕಣ್ಣೀರಿನಿಂದಲೂ ಟಿಜಿಎಫ್-ಬೀಟಾ, ಪಿಡಿಜಿಎಫ್ ಅನ್ನೋ ಎರಡು ಗ್ರೋತ್ ಫ್ಯಾಕ್ಟರ್ ಕೆಳಗಿಳಿಯುತ್ತವೆ. ಮಾಮೂಲಿ ದಿನಗಳಲ್ಲಿ ಮಧ್ಯದ ತಳಪೊರೆ ಇವನ್ನು ತಡೆಯುತ್ತದೆ. ಅದರಲ್ಲಿರುವ ಪರ್ಲಿಕ್ಯಾನ್ ಎಂಬ ಅಂಶ ಟಿಜಿಎಫ್-ಬೀಟಾವನ್ನು ಹಿಡಿದಿಟ್ಟುಕೊಳ್ಳುತ್ತದೆ. ಪಿಆರ್‌ಕೆಯಲ್ಲಿ ಆ ತಳಪೊರೆಯನ್ನೂ ಲೇಸರ್ ತೆಗೆದಿರುತ್ತದೆ. ತಡೆ ಇಲ್ಲ. ಟಿಜಿಎಫ್-ಬೀಟಾ ಸ್ಟ್ರೋಮಾಕ್ಕೆ ಇಳಿದು ಕೆರಟೊಸೈಟ್‌ಗಳ ಸ್ವಭಾವ ಬದಲಿಸುತ್ತದೆ. ಅವು ಹೆಚ್ಚಾಗಿ, ಹಿಗ್ಗಿ, ಮಯೋಫೈಬ್ರೋಬ್ಲಾಸ್ಟ್ ಆಗುತ್ತವೆ. ಚರ್ಮದ ಗಾಯವನ್ನು ಎಳೆದು ಬಿಗಿದು ಕಲೆ ಮಾಡುವ ಜಾತಿಯವು. ಚರ್ಮಕ್ಕೆ ಅದು ಬೇಕು. ಕಣ್ಣಿಗೆ? ಆ ಕೋಶಗಳು ಪಾರದರ್ಶಕವಲ್ಲ, ಅವು ನೇಯುವ ಕೊಲಾಜೆನ್ ಸಾಲಾಗಿರುವುದಿಲ್ಲ. ಬೆಳಕು ಚದುರುತ್ತದೆ. ಡಾಕ್ಟರುಗಳು ಹೇಜ್ ಅನ್ನುವ ಮಸುಕು ಇದೇ.

ಕಾಫಿ ಗಿಡ ಕಸಿ ಮಾಡಿದವರಿಗೆ, ಅಂದರೆ ಕೊಂಬೆ ಸವರಿದವರಿಗೆ, ಇದು ಹೊಸದಲ್ಲ. ಕತ್ತರಿ ಬಿದ್ದ ಮೇಲೆ ಗಿಡ ಎಲ್ಲ ಗೆಣ್ಣಿನಿಂದಲೂ ಚಿಗುರುತ್ತದೆ. ನಾವು ಬಿಟ್ಟರೆ ಬುಟ್ಟಿಯಾಗಿ ಕಗ್ಗಂಟಾಗುತ್ತದೆ, ಫಸಲು ಬರುವುದಿಲ್ಲ. ಅದಕ್ಕೇ ಮಳೆಗಾಲದಲ್ಲಿ ಆಳು ಕಳಿಸಿ ಚಿಗುರು ತೆಗೆಸುತ್ತೇವೆ. ಗಿಡಕ್ಕೆ ಶಕ್ತಿ ಸಾಲದು ಅಂತ ಯಾರೂ ಆಗ ಯೂರಿಯಾ ಸುರಿಯುವುದಿಲ್ಲ ಅಲ್ವಾ?

ಸಮಾಧಾನದ ವಿಷಯ ಏನೆಂದರೆ, ಬಹಳ ಜನರಲ್ಲಿ ತಳಪೊರೆ ಮತ್ತೆ ಸರಿಯಾಗಿ ಕಟ್ಟಿಕೊಳ್ಳುತ್ತದೆ. ಬಾಗಿಲು ಮುಚ್ಚಿತು, ಟಿಜಿಎಫ್-ಬೀಟಾ ಬರುವುದು ನಿಂತಿತು. ಅದಿಲ್ಲದೆ ಮಯೋಫೈಬ್ರೋಬ್ಲಾಸ್ಟ್ ಬದುಕುವುದಿಲ್ಲ. ಅವು ಸತ್ತ ಮೇಲೆ ಒಳ್ಳೆಯ ಕೆರಟೊಸೈಟ್‌ಗಳು ಬಂದು ಅಸ್ತವ್ಯಸ್ತವಾಗಿ ಬಿದ್ದ ಕೊಲಾಜೆನ್ ಕರಗಿಸಿ ಸರಿಮಾಡುತ್ತವೆ. ಇದಕ್ಕೆ ತಿಂಗಳುಗಟ್ಟಲೆ ಬೇಕು. ಮಸುಕು ಬಂದರೆ ಸಾಮಾನ್ಯವಾಗಿ ಕೆಲವು ವಾರಗಳ ನಂತರ ಕಾಣಿಸಿಕೊಂಡು, ಮೂರು ತಿಂಗಳ ಆಸುಪಾಸಿನಲ್ಲಿ ಜಾಸ್ತಿಯಾಗಿ, ಒಂದು ವರ್ಷದ ಹೊತ್ತಿಗೆ ಬಹುಪಾಲು ಇಳಿಯುತ್ತದೆ. ಪವರ್ ಮೈನಸ್ 6 ದಾಟಿದವರಿಗೆ ಅಪಾಯ ಹೆಚ್ಚು. ನನ್ನ ಬಲಗಣ್ಣಿನ ಚೀಟಿಯಲ್ಲಿ ಟ್ರೇಸ್ ಹೇಜ್ (ಚೂರೇ ಚೂರು ಮಸುಕು) ಎಂದು ಬರೆದಿದ್ದರು. ನನಗೆ ಗೊತ್ತಾಗುತ್ತಿದ್ದುದು ರಾತ್ರಿ ಮಾತ್ರ. ಮಾದಾಪುರ ರಸ್ತೆಯಲ್ಲಿ ಎದುರು ಬರುವ ಜೀಪಿನ ದೀಪಕ್ಕೆ ಬಳೆ ಕಟ್ಟಿದಂತೆ ಕಾಣುತ್ತಿತ್ತು. ಈಗಿಲ್ಲ.

ಈ ಚಿಗುರು ತೆಗೆಯುವ ಕೆಲಸಕ್ಕೆ ಮೂರು ಆಯುಧ. ಒಂದು, ಆಪರೇಷನ್ ಮೇಜಿನ ಮೇಲೇ ಮೈಟೊಮೈಸಿನ್-ಸಿ ಎಂಬ ಔಷಧಿಯಲ್ಲಿ ಅದ್ದಿದ ಸ್ಪಂಜನ್ನು ಕಾರ್ನಿಯಾ ಮೇಲೆ ಸ್ವಲ್ಪ ಹೊತ್ತು ಇಟ್ಟು, ತೊಳೆಯುವುದು. ಮಾಮೂಲಿ ಪ್ರಮಾಣ 0.02 ಶೇಕಡಾ. ಕ್ಯಾನ್ಸರ್‌ಗೂ ಬಳಸುವ ಔಷಧಿ. ಕೆರಟೊಸೈಟ್‌ಗಳು ವಿಪರೀತ ಹೆಚ್ಚುವುದನ್ನು ಅದು ತಡೆಯುತ್ತದೆ. ಬೇಕಾದ ಕೋಶವನ್ನೂ ಕೊಲ್ಲುವ ಗುಣ ಇರುವುದರಿಂದ ಅಳತೆ ಮುಖ್ಯ.

ಎರಡನೆಯದು ಸ್ಟೀರಾಯ್ಡ್ ಹನಿ. ನನಗೆ ಕೊಟ್ಟಿದ್ದು ಫ್ಲೋರೊಮೆಥೊಲೋನ್. ಮೊದಲು ದಿನಕ್ಕೆ ಹಲವು ಸಲ, ಆಮೇಲೆ ವಾರ ವಾರಕ್ಕೂ ಕಮ್ಮಿ ಮಾಡುತ್ತಾ ಬರಬೇಕು. ಇದರ ಬಗ್ಗೆ ನನಗೆ ಸ್ವಲ್ಪ ಕೋಪದಿಂದಲೇ ಹೇಳಬೇಕಿದೆ. ಕಣ್ಣು ಕಾಣುತ್ತಿದೆ ಅಂತ ಮಧ್ಯದಲ್ಲಿ ಬಿಡುವವರಿದ್ದಾರೆ. ಚೆನ್ನಾಗಿ ಕೆಲಸ ಮಾಡಿತು ಅಂತ ಮೆಡಿಕಲ್ ಶಾಪಿನಿಂದ ಮತ್ತೆ ಮತ್ತೆ ತಂದು ಹಾಕಿಕೊಳ್ಳುವವರೂ ಇದ್ದಾರೆ. ಸ್ಟೀರಾಯ್ಡ್ ಕೆಲವರಿಗೆ ಕಣ್ಣಿನ ಒತ್ತಡ ಏರಿಸುತ್ತದೆ, ಏರಿದ್ದು ನೋವಿಲ್ಲದೆ ಏರುತ್ತದೆ, ಗಮನಿಸದಿದ್ದರೆ ಕಣ್ಣಿನ ನರ ಕೆಡಿಸುವ ಗ್ಲಾಕೋಮಾ. ಕಣ್ಣಿನ ಪ್ರೆಷರ್ ನೋಡಲು ಮೈಸೂರಿಗೆ ಕರೆಸುವುದು ಬಸ್ ಚಾರ್ಜ್ ದಂಡ ಅಲ್ಲ.

ಮೂರನೆಯದು ಬಿಸಿಲು ತಪ್ಪಿಸುವುದು. ನೇರಳಾತೀತ ಕಿರಣ ಬಿದ್ದರೆ ಮಸುಕು ಜಾಸ್ತಿಯಾಗುತ್ತದೆ ಎಂಬುದು ಪ್ರಾಣಿಗಳ ಮೇಲಿನ ಪ್ರಯೋಗದಲ್ಲೂ ಕಂಡಿದೆ. ನನ್ನ ಆಪರೇಷನ್ ಮಳೆ ಮುಗಿದ ಮೇಲೆ ಆಗಿದ್ದು. ಮೂರು ತಿಂಗಳ ಆಸುಪಾಸು ಎಂದರೆ ಸರಿಯಾಗಿ ಹಣ್ಣು ಬಿಡಿಸುವ ಕಾಲ. ಕಣದಲ್ಲಿ ಸಿಮೆಂಟಿನ ನೆಲ, ಅದರ ಮೇಲೆ ಬೆಳ್ಳಗೆ ಹರಡಿದ ಪಾರ್ಚ್‌ಮೆಂಟ್ ಕಾಫಿ, ಜನವರಿಯ ಮೋಡವಿಲ್ಲದ ಆಕಾಶ. ಬೆಳಕು ಮೇಲಿಂದಲೂ ಕೆಳಗಿಂದಲೂ ಹೊಡೆಯುತ್ತದೆ. ಪಕ್ಕವೂ ಮುಚ್ಚುವ ಯುವಿ ಗ್ಲಾಸ್ ಹಾಕಿಕೊಂಡೇ ಕಾಫಿ ಕೆದಕಿದೆ. ಕೆಲಸದವರು ಹೀರೋಯಿನ್ ಬಂದ್ರು ಅಂತ ನಕ್ಕರು. ನಗಲಿ.

ಈ ನಡುವೆ ಚಿಕ್ಕಮ್ಮ ಫೋನಿನಲ್ಲಿ ಒಂದು ಜಾಹೀರಾತು ಕಳಿಸಿದರು. ಮುಖಕ್ಕೆ ಹಚ್ಚುವ ಗ್ರೋತ್ ಫ್ಯಾಕ್ಟರ್ ಸೀರಮ್, ಚರ್ಮ ಹೊಸದಾಗುತ್ತದಂತೆ. "ಇದನ್ನೇ ಒಂದು ಹನಿ ಕಣ್ಣಿಗೆ ಬಿಟ್ರೆ ಬೇಗ ವಾಸಿ ಆಗಲ್ವೇನೇ?" ಬೇಡ ಚಿಕ್ಕಮ್ಮ. ಕಣ್ಣಿಗೆ ಹಾಕುವುದು ಕ್ರಿಮಿ ಇಲ್ಲದಂತೆ ತಯಾರಾಗಿರಬೇಕು, ಇದು ಹಾಗಲ್ಲ. ಅದಿರಲಿ, ಪ್ರಯೋಗಾಲಯದಲ್ಲಿ ತಯಾರಿಸಿದ ಇಜಿಎಫ್ ಹನಿಯನ್ನೇ ವಿಜ್ಞಾನಿಗಳು 1980ರ ದಶಕದಿಂದ ಕಾರ್ನಿಯಾ ಮೇಲೆ ಪ್ರಯತ್ನಿಸಿದ್ದಾರೆ. ಫಲಿತಾಂಶ ಒಂದೊಂದು ಕಡೆ ಒಂದೊಂದು ರೀತಿ ಬಂತು. ಆರೋಗ್ಯವಾಗಿರುವ ಕಣ್ಣು ಮೂರರಿಂದ ಐದು ದಿನದಲ್ಲಿ ತಾನೇ ಮುಚ್ಚಿಕೊಳ್ಳುವಾಗ ಅದರಲ್ಲಿ ಒಂದು ದಿನ ಉಳಿಸಿ ಪಡೆಯುವುದಾದರೂ ಏನು?

ಅಜ್ಜಿಯ ಔಷಧಿ ಬೇರೆ. ರೆಪ್ಪೆಯ ಮೇಲೆ ನಂದಿಬಟ್ಟಲು ಹೂವು, ಕಣ್ಣಿನೊಳಗೆ ಬಾಣಂತಿಯ ಎದೆಹಾಲು. ಪಕ್ಕದ ಮನೆಯ ಬಾಣಂತಿಗೆ ಹೇಳಿಯೂ ಬಂದಿದ್ದರು, ಪಾಪ. ಎದೆಹಾಲಿನಲ್ಲಿ ಇಜಿಎಫ್ ಇರುವುದು ನಿಜ, ಅಜ್ಜಿಯರು ಏನೂ ಇಲ್ಲದ್ದನ್ನು ಹೇಳಿರಲಿಲ್ಲ. ಆದರೆ ಹೊರಪದರ ಇಲ್ಲದ ಕಾರ್ನಿಯಾ ಮೇಲೆ ಒಂದು ಬ್ಯಾಕ್ಟೀರಿಯಾ ಕೂತರೆ ಹುಣ್ಣಾಗಿ ಕಣ್ಣೇ ಹೋಗಬಹುದು. ಹೂವೂ ಅಷ್ಟೇ. ಅಜ್ಜಿಗೆ ಕೈ ತೊಳೆದುಕೊಂಡು ಬಂದು ಕಣ್ಣಿಗೆ ಡ್ರಾಪ್ಸ್ ಬಿಡುವ ಕೆಲಸ ಕೊಟ್ಟೆ. ನನಗಿಂತ ಗಡಿಯಾರ ಅವರೇ ನೋಡುತ್ತಿದ್ದರು.

ಹಾಗಂತ ಗ್ರೋತ್ ಫ್ಯಾಕ್ಟರ್ ಔಷಧಿಯೇ ಅಲ್ಲ ಅಂತಲ್ಲ. ಗಾಯ ವಾರಗಟ್ಟಲೆ ಮುಚ್ಚದೆ ಉಳಿದವರಿಗೆ, ಕಣ್ಣು ತುಂಬಾ ಒಣಗಿದವರಿಗೆ, ಅವರದೇ ರಕ್ತದಿಂದ ಹನಿ ಮಾಡುತ್ತಾರೆ. ಇಲ್ಲಿ ನನ್ನ ಹಳೇ ಕೆಲಸ ನೆನಪಾಯಿತು. ರಕ್ತ ತೆಗೆದು ಟ್ಯೂಬಿನಲ್ಲಿ ಹೆಪ್ಪುಗಟ್ಟಲು ಬಿಡುತ್ತೇವೆ, ಆಮೇಲೆ ತಿರುಗಿಸಿ ಮೇಲಿನ ಹಳದಿ ನೀರು ತೆಗೆಯುತ್ತೇವೆ. ಅದು ಸೀರಮ್. ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳು ಒಡೆದು ತಮ್ಮೊಳಗಿನ ಇಜಿಎಫ್, ಪಿಡಿಜಿಎಫ್, ಟಿಜಿಎಫ್-ಬೀಟಾ ಎಲ್ಲ ಸುರಿಯುತ್ತವೆ. ಹೆಪ್ಪುಗಟ್ಟದಂತೆ ತಡೆದು ತೆಗೆದ ಪ್ಲಾಸ್ಮಾದಲ್ಲಿ ಅಷ್ಟಿರುವುದಿಲ್ಲ. ವರ್ಷಗಟ್ಟಲೆ ಸಾವಿರಾರು ಜನರ ಸೀರಮ್ ತೆಗೆದು, ಟೆಸ್ಟ್ ಆದ ಮೇಲೆ ಮಿಕ್ಕಿದ್ದನ್ನು ಎಸೆದವಳು ನಾನು!

ಈ ಹನಿಯನ್ನು ಸಾಮಾನ್ಯವಾಗಿ 20 ಶೇಕಡಾಕ್ಕೆ ತೆಳು ಮಾಡುತ್ತಾರೆ. ಯಾಕೆ ಗೊತ್ತಾ? ಸೀರಮ್‌ನಲ್ಲಿ ಟಿಜಿಎಫ್-ಬೀಟಾ ಕಣ್ಣೀರಿಗಿಂತ ಸುಮಾರು ಐದು ಪಟ್ಟು ಜಾಸ್ತಿ. ಹಾಗೇ ಹಾಕಿದರೆ ಮಾಯುವುದಕ್ಕೇ ಅಡ್ಡಿ ಅನ್ನೋ ಯೋಚನೆಯಿಂದ ಐದು ಪಟ್ಟು ನೀರು ಮಾಡುವ ಪದ್ಧತಿ ಬಂತು. ನಮ್ಮದೇ ರಕ್ತವನ್ನು ನಮ್ಮದೇ ಕಣ್ಣಿಗೆ ಹಾಕುವಾಗಲೂ ಅಳತೆ. ಇದನ್ನು ಓದಿದ ಮೇಲೆ ಚಿಕ್ಕಮ್ಮನ ಜೊತೆ ವಾದ ಮಾಡಲು ನನಗೆ ಬೇರೇನೂ ಬೇಕಾಗಲಿಲ್ಲ. ಸೀರಮ್ ಹನಿಯನ್ನು ಫ್ರಿಜ್‌ನಲ್ಲೇ ಇಡಬೇಕು, ಪ್ರಿಸರ್ವೇಟಿವ್ ಇರುವುದಿಲ್ಲ. ಆಷಾಢದಲ್ಲಿ ಕರೆಂಟ್ ಹೋದರೆ ಎರಡು ದಿನ ಬಾರದ ನಮ್ಮೂರಿನಲ್ಲಿ ಅದನ್ನು ಇಟ್ಟುಕೊಳ್ಳುವುದು ಹೇಗೋ ದೇವರೇ ಬಲ್ಲ.

ನರದ ಕಥೆ ಚಿಕ್ಕದಾಗಿ. ಲೇಸರ್‌ನಲ್ಲಿ ಕಾರ್ನಿಯಾದ ಸಣ್ಣ ನರಗಳೂ ಹೋಗುತ್ತವೆ. ಮತ್ತೆ ಬೆಳೆಯಲು ತಿಂಗಳುಗಳು ಬೇಕು. ಅಲ್ಲಿಯವರೆಗೆ ಕಣ್ಣು ಒಣಗಿದ್ದು ಕಣ್ಣಿಗೇ ಸರಿಯಾಗಿ ಗೊತ್ತಾಗುವುದಿಲ್ಲ. ಕೃತಕ ಕಣ್ಣೀರನ್ನು ಉರಿ ಬಂದಾಗಲ್ಲ, ಹೊತ್ತಿಗೆ ಸರಿಯಾಗಿ ಹಾಕಬೇಕು ಅನ್ನುವುದು ಅದಕ್ಕೇ. ಸೌದೆ ಒಲೆಯ ಹೊಗೆಯಿಂದಲೂ ದೂರ ಇರಬೇಕು. ಲೆವಿ-ಮೊಂಟಲ್ಚೀನಿಯವರ ಎನ್‌ಜಿಎಫ್ ಈಗ ಸೆನೆಗರ್ಮಿನ್ ಹೆಸರಿನ ಕಣ್ಣಿನ ಹನಿಯಾಗಿ ಬಂದಿದೆ. ನರ ಸತ್ತು ಹುಣ್ಣಾದ ಕಾರ್ನಿಯಾಗೆ ಅಂತ ಎಫ್‌ಡಿಎ 2018ರಲ್ಲಿ ಒಪ್ಪಿತು. ದಿನಕ್ಕೆ ಆರು ಸಲ, ಎಂಟು ವಾರ. ನನ್ನಂಥ ಮಾಮೂಲಿ ಲೇಸರ್ ಕಣ್ಣಿಗಲ್ಲ.

ತೋಟದವರಿಗೆ ಒಂದು ಮಾತು, ಲೇಸರ್‌ಗೆ ಸಂಬಂಧ ಇರಲಿ ಬಿಡಲಿ. ಬೋರ್ಡೋ ಸಿಂಪಡಿಸುವಾಗ ಕಣ್ಣಿಗೆ ಗ್ಲಾಸ್ ಹಾಕಿಕೊಳ್ಳಿ. ಅದರಲ್ಲಿರುವುದು ಮೈಲುತುತ್ತ ಮತ್ತು ಸುಣ್ಣ. ಸುಣ್ಣ ಕಣ್ಣಿಗೆ ಬಿದ್ದರೆ ಅಂಚಿನ ಕಾಂಡಕೋಶಗಳನ್ನೇ ಸುಡುತ್ತದೆ. ಅವೇ ಹೋದ ಮೇಲೆ ಯಾವ ಗ್ರೋತ್ ಫ್ಯಾಕ್ಟರ್ ಯಾರಿಗೆ ಹೇಳಬೇಕು, ಕೇಳಲು ಕೋಶವೇ ಇಲ್ಲ. ಇನ್ನೊಂದು ಕಣ್ಣಿನಿಂದ ಚೂರು ಅಂಚು ತೆಗೆದು ನೆಡುವ ಸ್ಲೆಟ್ ಎಂಬ ಸರಳ ವಿಧಾನವನ್ನು ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ವೈದ್ಯರು 2012ರಲ್ಲಿ ಪ್ರಕಟಿಸಿದರು. ಎರಡೂ ಕಣ್ಣಿಗೆ ಬಿದ್ದರೆ ಅದೂ ಕಷ್ಟ. ಬಿದ್ದ ಕೂಡಲೇ, ಡ್ರಮ್ಮಿನಲ್ಲಿರುವ ಶುದ್ಧ ನೀರೇ ಆಗಲಿ, ಅರ್ಧ ಗಂಟೆ ಬಿಡದೆ ತೊಳೆದು ಆಮೇಲೆ ಆಸ್ಪತ್ರೆಗೆ ಓಡಿ. ಮೊದಲು ಓಡಿ ಆಮೇಲೆ ತೊಳೆಯುವುದಲ್ಲ.

ನಾಪೋಕ್ಲಿನ ಗೆಳತಿಯ ತಮ್ಮನಿಗೂ ಈಗ ಪಿಆರ್‌ಕೆ ಮಾಡಿಸುವ ಯೋಚನೆ. ಸೇನೆಯ ಅಧಿಕಾರಿಯಾಗುವ ಕನಸು ಅವನದು. ಅಲ್ಲಿನ ನಿಯಮದ ಪ್ರಕಾರ 20 ವರ್ಷ ತುಂಬಿದ ಮೇಲೆ ಮಾಡಿಸಿರಬೇಕು, ಮಾಡಿಸಿ ಒಂದು ವರ್ಷ ಆಗಿರಬೇಕು. ಮಸುಕು ಇಳಿಯಲು ಬೇಕಾದ ಕಾಲವೂ ಹೆಚ್ಚುಕಮ್ಮಿ ಅಷ್ಟೇ ಎಂಬುದನ್ನು ಅವನಿಗೆ ತೋರಿಸಿದೆ. ಅವನ ಚಿಂತೆ ಬೇರೆ. ಏಪ್ರಿಲ್ ಮೇನಲ್ಲಿ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ. 1997ರಲ್ಲಿ ಕರಡದಲ್ಲಿ ಶುರುವಾದಾಗಿನಿಂದ ಅವರ ಮನೆಯಲ್ಲಿ ಹಬ್ಬಕ್ಕಿಂತ ಅದೇ ದೊಡ್ಡದು. "ಅಕ್ಕ, ಫೆಬ್ರವರಿಯಲ್ಲಿ ಮಾಡಿಸಿದ್ರೆ ಏಪ್ರಿಲ್‌ಗೆ ಕನ್ನಡಕ ಇಲ್ದೆ ಆಡಬಹುದಲ್ವಾ?" ಆಡಬಹುದೇನೋ. ಆದರೆ ಮಸುಕು ಏರುವ ತಿಂಗಳುಗಳೂ ಅವೇ, ಮಟಮಟ ಮಧ್ಯಾಹ್ನದ ಬಿಸಿಲೂ ಅದೇ. ಹಾಕಿ ಮುಗಿಸಿ ಜೂನ್‌ನಲ್ಲಿ ಮಾಡಿಸು, ಮೋಡ ಕವಿದ ಮೂರು ತಿಂಗಳು ಪುಕ್ಕಟೆ ಸಿಗುತ್ತದೆ, ಮಳೆನೀರು ಕಣ್ಣಿಗೆ ಬೀಳದ ಹಾಗೆ ಮೊದಲ ವಾರಗಳು ಮನೆಯಲ್ಲಿರು ಎಂದೆ. ಅವನ ಅವ್ವನಿಗೆ ಒಪ್ಪಿಗೆಯಾಯಿತು. ಅವನಿಗೆ ಇನ್ನೂ ಫೆಬ್ರವರಿಯೇ ಬೇಕಂತೆ. ಕಾರ್ನಿಯಾ ದಪ್ಪ ಎಷ್ಟಿದೆ ಅಂತ ಮೊದಲು ಟೆಸ್ಟ್ ಮಾಡಿಸಲಿ, ತಿಂಗಳ ಜಗಳ ಆಮೇಲೆ ಮಾಡಬಹುದು.